ಏರೋ ಫಿಟ್ಟಿಂಗ್‌ಗೆ ಸೈಕಲ್ ಬಿಟ್ಟು ಬರುವವರೇ, ಸ್ವಲ್ಪ ನಿಲ್ಲಿ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆ ಟ್ರಯಥ್ಲಾನ್‌ಗೆ (ಈಜು, ಸೈಕಲ್, ಓಟ ಮೂರೂ ಇರುವ ರೇಸ್) ತಯಾರಿ ಮಾಡ್ತಾ ಇರುವವರು ಇದನ್ನು ಓದಲೇಬೇಕು. ಏರೋ ಫಿಟ್ಟಿಂಗ್, ಅಂದರೆ ಗಾಳಿಗೆ ಅಡ್ಡ ಕಮ್ಮಿ ಆಗುವ ಹಾಗೆ ಸೈಕಲ್ ಹೊಂದಿಸುವ ಕೆಲಸ, ಮಾಡುವವನ ಕೈಗೆ ಸೈಕಲ್ ಕೊಟ್ಟು ಮನೆಗೆ ಹೋಗಬೇಡಿ. ಪಕ್ಕದಲ್ಲೇ ನಿಲ್ಲಿ. ಚಾ ಕುಡಿಯಲಿಕ್ಕೂ ಹೋಗಬೇಡಿ.

ನಾನು ಗೋವಾದ ಹಾಫ್ ಐರನ್‌ಮ್ಯಾನ್ ಎಂಬ ಟ್ರಯಥ್ಲಾನ್‌ಗೆ ತಯಾರಾಗ್ತಾ ಇದ್ದೇನೆ. ಗಾಳಿಗೆ ಜಾಸ್ತಿ ಅಡ್ಡ ಬರುವುದು ಸೈಕಲ್ ಅಲ್ಲ, ನಮ್ಮ ಮೈ. ಅದಕ್ಕೇ ಕೂರುವ ರೀತಿ ಸರಿ ಮಾಡಿಸೋಣ ಅಂತ ಹೋದದ್ದು. ಫಿಟ್ಟರ್ ಮಾತು ಎಷ್ಟು ಚಂದ! ವೀಡಿಯೋ ತೆಗೀತೇವೆ, ಸೊಂಟದ ಕೋನ ಅಳೀತೇವೆ ಸರ್, ಅಂದ. ವೀಡಿಯೋ ತೆಗೆದ ಹೌದು, ಇನ್‌ಸ್ಟಾಗ್ರಾಮ್‌ಗೆ ಹಾಕಲಿಕ್ಕೆ.

ಸಂಜೆ ಹೋಗಿ ನೋಡ್ತೇನೆ, ಹ್ಯಾಂಡಲ್ ಪಾತಾಳಕ್ಕೆ ಇಳಿದಿದೆ. ಹ್ಯಾಂಡಲ್ ಎತ್ತರಿಸಲಿಕ್ಕೆ ಕೆಳಗೆ ಹಾಕುವ ಬಳೆ, ಸ್ಪೇಸರ್, ತೆಗೆದಿರಬೇಕು ಅಂದುಕೊಂಡೆ. ಆಗ ಮೇಜಿನ ಮೇಲೆ ಕಣ್ಣು ಬಿತ್ತು. ಹೆಬ್ಬೆರಳಿನಷ್ಟು ಉದ್ದದ ಕಪ್ಪು ಕೊಳವೆ ತುಂಡು, ಅಂಚಿನಲ್ಲಿ ಕಾರ್ಬನ್ ನಾರು ಎದ್ದು ನಿಂತಿದೆ, ಸುತ್ತ ಕಪ್ಪು ಪುಡಿ. ನನ್ನ ಫೋರ್ಕಿನ ಸ್ಟೀರರ್ ಮಾರಾಯ್ರೆ, ಮುಂದಿನ ಚಕ್ರ ಹಿಡಿಯುವ ಫೋರ್ಕಿನಿಂದ ಮೇಲೆ ಹ್ಯಾಂಡಲ್‌ಗೆ ಹೋಗುವ ಕೊಳವೆ! ಕೊಯ್ದೇ ಬಿಟ್ಟಿದ್ದಾನೆ! ಒಂದು ಫೋನ್ ಇಲ್ಲ, ಒಂದು ಮಾತಿಲ್ಲ.

"ಯಾಕೆ ಕೊಯ್ದ್ರಿ?"

"ಏರೋ ಅಂದ್ರೆ ಬಗ್ಗಲೇಬೇಕು ಸರ್. ಮೇಲೆ ಪೈಪ್ ಉಳಿದ್ರೆ ನೋಡ್ಲಿಕ್ಕೆ ಚಂದ ಇಲ್ಲ."

ಚಂದಕ್ಕೆ! ಚಂದಕ್ಕೆ ನನ್ನ ಫೋರ್ಕ್ ಕೊಯ್ದದ್ದು!

ಮರುದಿನ ಬೇಕಲದ ಕಡೆ ಹೊರಟೆ. ತುಳಿದಾಗೆಲ್ಲ ತೊಡೆ ಹೊಟ್ಟೆಗೆ ಒತ್ತುತ್ತದೆ, ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಕತ್ತು ಎತ್ತಿ ಎದುರಿನ ಲಾರಿ ನೋಡಲಿಕ್ಕೂ ಆಗಲ್ಲ. ರೇಸಲ್ಲಿ ಹೀಗೆ 90 ಕಿ.ಮೀ. ತುಳಿದು ಮತ್ತೆ 21.1 ಕಿ.ಮೀ. ಓಡಬೇಕು, ಅಲ್ವಾ? ಕೊನೆಗೆ ನೆಟ್ಟಗೆ ಎದ್ದು ಕೂತೇ ಮನೆಗೆ ಬಂದೆ. ನೆಟ್ಟಗೆ ಕೂತ ಮೇಲೆ ಏರೋ ಎಲ್ಲಿಂದ ಬಂತು?

ಫೋನ್ ಮಾಡಿದರೆ, "ನಿಮ್ಮ ಮೈ ಬಗ್ಗಲ್ಲ ಸರ್, ಯೋಗ ಮಾಡಿ."

ಸುಮ್ನೆ ಮಾತು. ಮುಂದೆ ತಗ್ಗಿಸಿದರೆ ಸೀಟನ್ನೂ ಮುಂದಕ್ಕೆ ತರಬೇಕು, ಆಗ ಸೊಂಟ ಬಿಡಿಸಿಕೊಳ್ಳುತ್ತದೆ. ಸೀಟು ಹೊತ್ತ ಕೊಳವೆ, ಸೀಟ್ ಟ್ಯೂಬ್, ನೆಟ್ಟಗಾದಷ್ಟೂ ಸೀಟು ಮುಂದೆ ಬರುತ್ತದೆ; ರೋಡ್ ಬೈಕಿನದ್ದು ಸುಮಾರು 73 ಡಿಗ್ರಿ ಇದ್ದರೆ ಟ್ರಯಥ್ಲಾನ್ ಬೈಕಿನದ್ದು 76ರಿಂದ 80 ಇರುವುದು ಅದಕ್ಕೇ. ಗಿಡ್ಡ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಾಕುವುದೂ ಅದಕ್ಕೇ. ಈ ಪುಣ್ಯಾತ್ಮ ಸೀಟು ಮುಟ್ಟಿಯೇ ಇಲ್ಲ. ನಾನು ಗುರುತಿಗೆ ಹಚ್ಚಿದ ಟೇಪು ಇದ್ದಲ್ಲೇ ಇತ್ತು!

ತಗ್ಗಿಸುವುದಿದ್ದರೆ ಸ್ಪೇಸರ್ ತೆಗೆದು ಸ್ಟೆಮ್‌ನ (ಹ್ಯಾಂಡಲನ್ನು ಸ್ಟೀರರ್‌ಗೆ ಹಿಡಿಸುವ ತುಂಡು) ಮೇಲ್ಗಡೆ ಹಾಕಿಸಿ. ಕೆಲವು ವಾರ ಓಡಿಸಿ ನೋಡಿ. ಮೈಗೆ ಒಗ್ಗಿದರೆ ಮಾತ್ರ ಕೊಯ್ಸಿ, ಅದೂ ನಿಮ್ಮ ಕಣ್ಣೆದುರು. ಕೊಯ್ದ ಸ್ಟೀರರ್ ಮತ್ತೆ ಅಂಟಿಸಲಿಕ್ಕೆ ಆಗಲ್ಲ.

ನಿನ್ನೆ ಅವನಿಂದಲೇ ವಾಟ್ಸಾಪ್ ಬಂತು, ಹೊಸ ಫೋರ್ಕಿನ ಕೊಟೇಶನ್. ಕೆಳಗೆ ಫಿಟ್ಟಿಂಗ್ ಚಾರ್ಜ್ ಬೇರೆ.