ಸಿಹಿಗುಂಬಳ: ಬೀಜ ತೆಗೆಸೋದಾ, ಬಿತ್ತಿಸೋದಾ?

ಮನೆಗೆ ಒಂದು ಸಿಹಿಗುಂಬಳ ಬಂದಿದೆ, ಪಕ್ಕದಲ್ಲಿ ಮೂರು-ನಾಲ್ಕು ವರ್ಷದ ಮಗು ಕುಣಿಯುತ್ತಿದೆ. ಕೊಯ್ದು ಬೀಜ ತೆಗೆಸೋದಾ, ಬೀಜ ಬಿತ್ತಿಸೋದಾ, ಸುಮ್ನೆ ಸಿಪ್ಪೆ ಮೇಲೆ ಬಣ್ಣ ಬಳಿಸೋದಾ?

ಬೀಜ ತೆಗೆಯುವುದರಲ್ಲಿ ಮಜಾ ತಕ್ಷಣ ಸಿಗುತ್ತದೆ. ಕೊಯ್ಯುವುದು ದೊಡ್ಡವರ ಕೆಲಸ. ಆಮೇಲೆ ಹೋಳನ್ನು ಅಗಲವಾದ ತಟ್ಟೆಯಲ್ಲಿಟ್ಟು ಮಗುವಿನ ಮುಂದೆ ಸರಿಸಿ. ಮೊದಲು "ಛೀ" ಅನ್ನುತ್ತದೆ. ಎರಡೇ ನಿಮಿಷಕ್ಕೆ ಮೊಣಕೈವರೆಗೂ ನಾರು. ಜಾರುವ ಬೀಜವನ್ನು ಎರಡು ಬೆರಳಲ್ಲಿ ಹಿಡಿಯುವುದೇ ಪುಟ್ಟ ಕೈಗೆ ಒಳ್ಳೆ ಕಸರತ್ತು. ತೊಳೆದ ಬೀಜವನ್ನು ಪುಟ್ಟ ಬಟ್ಟಲುಗಳಿಗೆ ಐದೈದರಂತೆ ಹಾಕಿಸಿದರೆ ಎಣಿಕೆಯೂ ಆಯಿತು. ಒಂದು ಎಚ್ಚರ: ಈ ವಯಸ್ಸಿನವರು ಬೀಜ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಬಹುದು. ನಡುವೆ ಎದ್ದು ಹೋಗಬೇಡಿ.

ಬಿತ್ತುವುದರಲ್ಲಿ ಗಲೀಜು ಕಡಿಮೆ, ಕಾಯುವುದು ಜಾಸ್ತಿ. ಒಂದಿಂಚು ಆಳಕ್ಕೆ ಊರಿದರೆ ಬೆಚ್ಚಗಿನ ದಿನಗಳಲ್ಲಿ ಸುಮಾರು 5ರಿಂದ 10 ದಿನಕ್ಕೆ ಮೊಳಕೆ ಬರುತ್ತದೆ. ಎರಡು ದಪ್ಪ ಎಲೆಗಳು ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ಮೇಲೇಳುವುದನ್ನು ನೋಡಲಿಕ್ಕಾದರೂ ಬಿತ್ತಬೇಕು. ಆದರೆ ಮೂರನೇ ದಿನವೇ ಮಗು ಮಣ್ಣು ಕೆದಕಿ ನೋಡದೆ ಬಿಡೋದಿಲ್ಲ, ಅಲ್ವಾ? ಅದಕ್ಕೇ ನಾಲ್ಕೈದು ಬೀಜ ಹಾಕಿ.

ಬಣ್ಣ ಬಳಿಯುವುದು ಅಷ್ಟಕ್ಕಷ್ಟೇ. ಚೆಂದ ಕಾಣುತ್ತದೆ, ಆದರೆ ಆ ಕಾಯಿ ಮತ್ತೆ ಅಡುಗೆಗೆ ಬರುವುದಿಲ್ಲ.

ನಾಲ್ಕು ತುಂಬದ ಮಗುವಿಗೆ ಬೀಜ ತೆಗೆಯುವುದೇ ಸರಿ ಅಂತೀನಿ. ದಿನಾ ನೀರು ಹಾಕಲು ನೆನಪಿಟ್ಟುಕೊಳ್ಳುವ ಐದರ ಮಗುವಾದರೆ ಕುಂಡ ತನ್ನಿ. ಉಳಿದ ಹೋಳು ಹೇಗೂ ಹುಳಿಗೆ.