ಮಿನಿ ಡ್ರಾಫ್ಟರೋ, ಟಿ-ಸ್ಕ್ವೇರೋ: ಯಾವ ಶೀಟಿಗೆ ಯಾವುದು?

ಎಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಮಿನಿ ಡ್ರಾಫ್ಟರ್ ಎಂದರೆ ಬೋರ್ಡಿಗೆ ಕ್ಲ್ಯಾಂಪ್ ಮಾಡುವ, ಒಂದಕ್ಕೊಂದು ಲಂಬವಾದ ಎರಡು ಸ್ಕೇಲುಗಳ ಸಾಧನ. ಟಿ-ಸ್ಕ್ವೇರ್ ಎಂದರೆ ತಲೆಯನ್ನು ಬೋರ್ಡಿನ ಅಂಚಿಗೆ ಒತ್ತಿ ಜಾರಿಸುವ, ಉದ್ದ ಬ್ಲೇಡಿನ ಟಿ ಆಕಾರದ ಪಟ್ಟಿ. 700×500 ಮಿ.ಮೀ. ಬೋರ್ಡಿನ ಮೇಲೆ ಎ2 ಅಳತೆಯ ಶೀಟಿಗೆ ಎರಡನ್ನೂ ಬಳಸಿ ನೋಡಿದರೆ ಸಿಗುವ ಉತ್ತರ ಹೀಗಿದೆ: ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಕಂಡಂತೆ ಬೇರೆ ಬೇರೆಯಾಗಿ ಬರೆಯುವ ಆರ್ಥೋಗ್ರಾಫಿಕ್ ಪ್ರೊಜೆಕ್ಷನ್‌ಗೆ ಡ್ರಾಫ್ಟರ್, ಮೂರು ಬದಿ ಒಟ್ಟಿಗೆ ಕಾಣುವಂತೆ ಬರೆಯುವ ಐಸೋಮೆಟ್ರಿಕ್‌ಗೆ ಟಿ-ಸ್ಕ್ವೇರ್. ಡ್ರಾಫ್ಟರ್ ಇದ್ದರೆ ಬೇರೇನೂ ಬೇಡ ಎನ್ನುವ ಮಾತು ಅರ್ಧ ಮಾತ್ರ ನಿಜ.

ಡ್ರಾಫ್ಟರಿನ ಬಲ ಇರುವುದು ಓರೆಗೆರೆಗಳಲ್ಲಿ. ಘನವಸ್ತುವಿನ ಅಕ್ಷ 37 ಡಿಗ್ರಿ ವಾಲಿದೆ ಎನ್ನಿ. ಡ್ರಾಫ್ಟರಿನ ತಲೆಯಲ್ಲಿರುವ ನಾಬ್ ಸಡಿಲಿಸಿ 37ಕ್ಕೆ ತಿರುಗಿಸಿ ಬಿಗಿದರೆ ಒಂದು ಸ್ಕೇಲ್ ಅಕ್ಷಕ್ಕೆ ಸಮಾಂತರವಾಗಿ, ಇನ್ನೊಂದು ಲಂಬವಾಗಿ ಕೂರುತ್ತದೆ. ವಾಲಿದ ಮುಖವನ್ನು ನೇರವಾಗಿ ನೋಡಿದಂತೆ ಬರೆಯುವ ಆಕ್ಸಿಲಿಯರಿ ವ್ಯೂಗೆ ಬೇಕಾದ ಎರಡೂ ದಿಕ್ಕು ಒಂದೇ ಏಟಿಗೆ ಸಿಕ್ಕಂತೆ. ಟಿ-ಸ್ಕ್ವೇರ್ ಜೊತೆಗಿನ ಎರಡು ಸೆಟ್ ಸ್ಕ್ವೇರ್ (45 ಮತ್ತು 30-60 ಡಿಗ್ರಿಯ ತ್ರಿಕೋನ ಪಟ್ಟಿಗಳು) ಕೊಡುವುದು 15ರ ಗುಣಕಗಳನ್ನು ಮಾತ್ರ: 45ರಲ್ಲಿ 30 ಕಳೆದರೆ 15, ಕೂಡಿದರೆ 75. 37 ಬೇಕಾದರೆ ಪ್ರೊಟ್ರಾಕ್ಟರ್ ಹಿಡಿದು ಗುರುತು ಹಾಕಿ, ಸೆಟ್ ಸ್ಕ್ವೇರುಗಳನ್ನು ಜಾರಿಸಿ ಸಮಾಂತರ ಎಳೆಯಬೇಕು.

ಐಸೋಮೆಟ್ರಿಕ್‌ನಲ್ಲಿ ಆಟ ತಿರುಗಿಬೀಳುತ್ತದೆ. ಅಲ್ಲಿ ಬೇಕಾದದ್ದು 30, 90 ಮತ್ತು 150 ಡಿಗ್ರಿ. ಡ್ರಾಫ್ಟರನ್ನು 30ಕ್ಕೆ ಬಿಗಿದರೆ ಎರಡನೇ ಸ್ಕೇಲ್ 120ಕ್ಕೆ ಹೋಗುತ್ತದೆ, ಅದು ಯಾವ ಕೆಲಸಕ್ಕೂ ಬಾರದು. ಪ್ರತಿ ಮುಖಕ್ಕೂ ನಾಬ್ ತಿರುಗಿಸುತ್ತಾ ಕೂತರೆ ಪ್ರತಿ ಸಲವೂ ಕೋನ ಚೂರು ಕದಲುವ ಅವಕಾಶ. ಟಿ-ಸ್ಕ್ವೇರ್ ಮೇಲೆ 30-60 ಸೆಟ್ ಸ್ಕ್ವೇರ್ ಇಟ್ಟರೆ 30 ಮತ್ತು 90 ಸಿಗುತ್ತವೆ, ಮಗುಚಿದರೆ 150. ಡ್ರಾಫ್ಟರ್ ಮಾತ್ರ ಇರುವವರು ಅದನ್ನು ಸೊನ್ನೆಗೇ ಬಿಗಿದು, ಅಡ್ಡ ಸ್ಕೇಲಿಗೆ ಸಣ್ಣ 30-60 ಸೆಟ್ ಸ್ಕ್ವೇರ್ ಒತ್ತಿ ಎಳೆಯಲಿ.

ಕೈಕೊಡುವ ರೀತಿಯೂ ಬೇರೆ. ಡ್ರಾಫ್ಟರಿನ ಸ್ಕೇಲುಗಳನ್ನು ದಿಕ್ಕು ತಪ್ಪದಂತೆ ಹಿಡಿದಿರುವುದು ಎರಡು ಸಮಾಂತರ ಚತುರ್ಭುಜದ ತೋಳುಗಳು. ಕೀಲು ಸವೆದರೆ ಅಲುಗಾಟ ಶುರು, ಕ್ಲ್ಯಾಂಪಿನಿಂದ ದೂರದ ಬಲ-ಕೆಳ ಮೂಲೆಯಲ್ಲಿ ಅದು ಎದ್ದು ಕಾಣುತ್ತದೆ. ಅರ್ಧ ಡಿಗ್ರಿ ತಪ್ಪಿದರೂ 400 ಮಿ.ಮೀ. ಸಾಗುವಷ್ಟರಲ್ಲಿ ಗೆರೆ ಸುಮಾರು 3.5 ಮಿ.ಮೀ. ಆಚೆ ಹೋಗಿರುತ್ತದೆ. ಸ್ಕೇಲುಗಳ ಲಂಬ ಸರಿ ಇದೆಯೇ ನೋಡಲು ಅಡ್ಡಕ್ಕೆ 120, ಉದ್ದಕ್ಕೆ 90 ಮಿ.ಮೀ. ಎಳೆದು ಕರ್ಣ ಅಳೆಯಿರಿ. 150 ಬರಬೇಕು. ಟಿ-ಸ್ಕ್ವೇರಿನಲ್ಲಿ ಸಡಿಲವಾಗುವುದು ತಲೆ ಮತ್ತು ಬ್ಲೇಡ್ ಸೇರುವ ಸ್ಕ್ರೂ. ಸೆಟ್ ಸ್ಕ್ವೇರಿನ ಪರೀಕ್ಷೆ ಇನ್ನೂ ಸುಲಭ: ಲಂಬಗೆರೆ ಎಳೆದು, ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಎಳೆಯುವುದು. ಗೆರೆಗಳು ಕವಲೊಡೆದರೆ ಆ ಕೋನದ ಅರ್ಧ ಅದರ ತಪ್ಪು.

ಶೀಟ್ ಅಂಟಿಸುವಾಗ ಡ್ರಾಫ್ಟರನ್ನು ಮೊದಲು ಕ್ಲ್ಯಾಂಪ್ ಮಾಡಿ, ಸೊನ್ನೆಗೆ ಬಿಗಿದು, ಸ್ಕೇಲಿಗೆ ಹೊಂದುವಂತೆ ಶೀಟನ್ನೇ ಸರಿಸಿ. ಅರ್ಧ ಮುಗಿದ ಶೀಟನ್ನು ಮರುದಿನ ಹಾಕುವಾಗ ಕಾಗದದ ಅಂಚನ್ನು ನಂಬಬೇಡಿ, ಮುಂದಿನ ನೋಟ, ಮೇಲಿನ ನೋಟಗಳ ನಡುವೆ ಆಗಲೇ ಎಳೆದ ಎಕ್ಸ್‌ವೈ ಗೆರೆಗೆ ಹೊಂದಿಸಿ. ಟಿ-ಸ್ಕ್ವೇರಿಗೂ ಇದೇ ಮಾತು.

ಶೀಟ್ ಕೊಳೆಯಾಗುವುದು ಎರಡರಲ್ಲೂ ಇದ್ದದ್ದೇ. ಸಹಾಯಕ ಗೆರೆಗಳಿಗೆ 2ಎಚ್ ಪೆನ್ಸಿಲ್, ಹೊರಗೆರೆಗೆ ಎಚ್. ಮೆತ್ತನೆಯ ಎಚ್‌ಬಿ ಅಕ್ಷರಗಳಿಗಷ್ಟೇ ಇರಲಿ. ಸ್ಕೇಲಿನ ಅಡಿಯನ್ನು ಆಗಾಗ ಒಣ ಬಟ್ಟೆಯಲ್ಲಿ ಒರೆಸಿ, ಜರುಗಿಸುವಾಗ ಎಳೆಯದೆ ಚೂರು ಎತ್ತಿ.

ಎಡಗೈಯವರಿಗೆ ಡ್ರಾಫ್ಟರ್ ಕಿರಿಕಿರಿಯೇ. ತಲೆಯನ್ನು ಎಡಗೈ ಹಿಡಿಯುತ್ತದೆ, ಬಲಗೈ ಗೆರೆ ಎಳೆಯುತ್ತದೆ ಎಂಬ ಲೆಕ್ಕದಲ್ಲೇ ಅದು ತಯಾರಾಗಿರುವುದು. ಟಿ-ಸ್ಕ್ವೇರಿನ ತಲೆಯನ್ನು ಬೋರ್ಡಿನ ಬಲ ಅಂಚಿಗೆ ಕೊಡಬಹುದು. ಆದರೆ ಹಾಗೆ ತಿರುಗಿಸಿದಾಗ ಬ್ಲೇಡಿನ ಕೆಲಸದ ಅಂಚು ಕೆಳಕ್ಕೆ ಬರುತ್ತದೆ. ಆದ್ದರಿಂದ ಎರಡೂ ಅಂಚು ನೇರವಾಗಿರುವುದನ್ನೇ ಆರಿಸಿ, ಬೋರ್ಡಿನ ಬಲ ಅಂಚಿಗೂ ಉದ್ದದ ಸ್ಟೀಲ್ ಸ್ಕೇಲ್ ಹಿಡಿದು ಸಂದಿಯಲ್ಲಿ ಬೆಳಕು ಕಾಣುತ್ತದೆಯೇ ನೋಡಿಕೊಳ್ಳಿ. ಎಷ್ಟೋ ಬೋರ್ಡುಗಳಲ್ಲಿ ಎಡ ಅಂಚನ್ನು ಮಾತ್ರ ನೇರವಾಗಿ ತೀಡಿರುತ್ತಾರೆ.