‘ಲೈಸೆನ್ಸ್ ಬೇಡ’ ಅಂದ ಮಾತು ನಂಬಿ ಏರ್ ರೈಫಲ್ ತಂದೆ, ನೀವು ತರಬೇಡಿ

ಪುಣೆ, ಚಿಂಚವಾಡದ ಕಡೆ ಇರುವ ನಮ್ಮ ಕನ್ನಡದವರು ಸುಮಾರು ಜನ ಮುಳಶಿ, ಭೋರ್ ಕಡೆ ತುಂಡು ಜಮೀನು ಮಾಡಿಕೊಂಡಿದ್ದಾರೆ. ಜಮೀನು ಅಂದ ಮೇಲೆ ಹೆಗ್ಗಣ, ಹಂದಿ ಕಾಟ ಇದ್ದದ್ದೇ. ಯಾರಾದರೂ ಒಬ್ಬರು ‘ಒಂದು ಏರ್ ಗನ್ (ಗಾಳಿಯ ಒತ್ತಡದಿಂದ ಹಾರಿಸುವ ಬಂದೂಕು) ತಗೊಳ್ಳಿ’ ಅಂತಾರೆ. ಅಂಗಡಿಗೆ ಹೋಗುವ ಮುಂಚೆ ದಯವಿಟ್ಟು ಇದನ್ನು ಓದಿ.

ಪೌಡ್ ದಾಟಿದ ಮೇಲೆ ನಮ್ಮ ಭಾವನ ಕೋಳಿ ಫಾರಂ ಇದೆ. ಮಳೆ ಹಿಡಿದರೆ ಗದ್ದೆ ಬದುವಿನ ಹೆಗ್ಗಣಗಳೆಲ್ಲ ಶೆಡ್ಡಿಗೇ ಬರುತ್ತವೆ. ಮೇವಿನ ಚೀಲ ಕಡಿಯುತ್ತವೆ, ಮರಿಗಳನ್ನು ಎಳೆದೊಯ್ಯುತ್ತವೆ. ಹೋದ ವರ್ಷ ಭಾವ ಬೇಸತ್ತು ಹೋಗಿದ್ದರು. ನಾನೇ ಮುಂದೆ ಬಿದ್ದು ಪುಣೆಯ ಒಂದು ಅಂಗಡಿಯಿಂದ ರೈಫಲ್ ತಂದೆ. ನಾನು 4.5 ಎಂಎಂ ಕೇಳಿದ್ದೆ. ಅಂಗಡಿಯವನು ‘ಅದು ಮಕ್ಕಳ ಆಟಿಕೆ ಸಾಹೇಬ್’ ಅಂತ ಪಕ್ಕಕ್ಕಿಟ್ಟು, ಒಳಗಿನಿಂದ ಇನ್ನೊಂದು ತಂದ. ‘ಫ್ಯಾಕ್ಟರಿ ಪೀಸ್, ಸ್ಪ್ರಿಂಗ್ ಮಾತ್ರ ಜೋರಿನದು ಹಾಕಿದ್ದೇವೆ. ಲೈಸೆನ್ಸ್ ಲಾಗತ್ ನಾಹಿ’, ಅಂದರೆ ಬೇಕಿಲ್ಲ, ಅಂದ. 18,500 ರೂಪಾಯಿ ಕೊಟ್ಟೆ. ಬಿಲ್ಲಿನಲ್ಲಿ ‘ಏರ್ ಗನ್ 1’ ಅಂತ ಬರೆದಿದ್ದ, ಅಷ್ಟೇ. ಮಾಡೆಲ್ ಇಲ್ಲ, ನಂಬರ್ ಇಲ್ಲ, ಬೋರ್ (ನಳಿಗೆಯ ಒಳ ಅಗಲ) ಎಷ್ಟು ಅಂತ ಇಲ್ಲ. ನಳಿಗೆಯ ಬುಡದಲ್ಲಿ ಸಣ್ಣಗೆ .22 ಅಂತ ಕೊರೆದಿತ್ತು. ನಾನು ನೋಡಲಿಲ್ಲ.

ಮೂರನೇ ರಾತ್ರಿ ಶೆಡ್ಡಿನ ಮೂಲೆಯಲ್ಲಿ ಒಂದು ಹೆಗ್ಗಣಕ್ಕೆ ಹೊಡೆದೆ. ಗುರಿ ಒಂದು ಬೆರಳು ತಪ್ಪಿತು. ಹಿಂದೆ ಇದ್ದದ್ದು ಕಪ್ಪು ಕಲ್ಲಿನ ಗೋಡೆ. ಟಣ್ ಅಂತ ಸದ್ದು ಬಂತು, ಆಮೇಲೆ ಬಾಗಿಲ ಹತ್ತಿರ ಬ್ಯಾಟರಿ ಹಿಡಿದು ನಿಂತಿದ್ದ ಹುಡುಗ ಕೂತುಬಿಟ್ಟ. ಯಾದಗಿರಿ ಕಡೆಯವನು, ಇಪ್ಪತ್ತು ದಾಟಿಲ್ಲ. ‘ಅಣ್ಣಾ, ಕಾಲಿಗಿ ಏನೋ ಬಡೀತು’ ಅಂದ. ಪ್ಯಾಂಟಿನಲ್ಲಿ ಸಣ್ಣ ತೂತು, ಮೀನಖಂಡದಿಂದ ರಕ್ತ. ಸೀಸದ ಛರ್ರೆ (ಏರ್ ಗನ್ನಿನ ಸಣ್ಣ ಗುಂಡು) ಕಲ್ಲಿಗೆ ಬಡಿದು ಅರ್ಧ ಚಪ್ಪಟೆಯಾಗಿತ್ತು, ಒಂದು ಅಂಚು ಬ್ಲೇಡಿನ ಹಾಗೆ ಆಗಿತ್ತು. ಡಾಕ್ಟರು ಅದನ್ನು ಹೊರಗೆ ತೆಗೆದು ಸ್ಟೀಲ್ ತಟ್ಟೆಗೆ ಹಾಕಿದಾಗ ಬಂದ ಸದ್ದು ನನಗೆ ಈಗಲೂ ಕೇಳುತ್ತದೆ. ಮೊಣಕಾಲು ಮಟ್ಟದಲ್ಲಿ ಬಡಿದಿತ್ತು. ಅದೇ ಕಣ್ಣಿನ ಮಟ್ಟದಲ್ಲಿ ಬಂದಿದ್ದರೆ?

ಡಾಕ್ಟರು ಪೊಲೀಸರಿಗೆ ತಿಳಿಸಿದರು, ತಿಳಿಸಲೇಬೇಕು. ಠಾಣೆಯಲ್ಲಿ ಮೊದಲು ನೋಡಿದ್ದೇ ನಳಿಗೆಯ ಬುಡ. ಕಾನೂನು ಏನು ಅಂತ ನನಗೆ ಅವತ್ತೇ ಗೊತ್ತಾಗಿದ್ದು. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್ಲಿನ ಬೋರ್ 4.5 ಎಂಎಂ, ಅಂದರೆ .177 ಇಂಚು, ಮೀರಬಾರದು. ನಳಿಗೆಯ ಬಾಯಲ್ಲಿ ಶಕ್ತಿ 20 ಜೂಲ್ ಮೀರಬಾರದು. ನನ್ನದು .22 ಇಂಚು, ಅಂದರೆ 5.5 ಎಂಎಂ. ಅದರ ಮೇಲೆ ಜೋರಿನ ಸ್ಪ್ರಿಂಗು. ರೈಫಲ್ ಈಗ ಠಾಣೆಯಲ್ಲಿದೆ, ನಾನು ತಾರೀಖಿಗೆ ತಾರೀಖು ಕೋರ್ಟಿಗೆ ಹೋಗ್ತಾ ಇದ್ದೇನೆ.

ಈ ಜೂಲ್ ಲೆಕ್ಕ ಮನೆಯಲ್ಲೇ ಮಾಡಬಹುದು. ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಇಟ್ಟುಕೊಳ್ಳಿ, ಅದನ್ನು ಅದರಿಂದಲೇ ಗುಣಿಸಿ, ಛರ್ರೆಯ ತೂಕದಿಂದ (ಕಿಲೋದಲ್ಲಿ) ಗುಣಿಸಿ, ಅರ್ಧ ಮಾಡಿ. 4.5ರ ಮಾಮೂಲಿ ಛರ್ರೆ ಅರ್ಧ ಗ್ರಾಂಗಿಂತ ಚೂರು ಜಾಸ್ತಿ, 0.52 ಗ್ರಾಂ. 200 ಮೀಟರ್ ವೇಗಕ್ಕೆ ಸುಮಾರು 10 ಜೂಲ್ ಬರುತ್ತದೆ. 5.5ರ 0.94 ಗ್ರಾಂ ಛರ್ರೆ 250 ಮೀಟರ್ ವೇಗದಲ್ಲಿ ಹೋದರೆ 29 ಜೂಲ್. ಡಬ್ಬದ ಮೇಲೆ ‘1000 ಅಡಿ ವೇಗ’ (ಸೆಕೆಂಡಿಗೆ ಸುಮಾರು 305 ಮೀಟರ್) ಅಂತ ದೊಡ್ಡದಾಗಿ ಹಾಕಿರುತ್ತಾರೆ ನೋಡಿ, ಅದು ಎಷ್ಟೋ ಸಲ ಹಗುರ ಛರ್ರೆ ಹಾಕಿ ಅಳೆದದ್ದು. 0.32 ಗ್ರಾಂ ಛರ್ರೆಗೆ ಆ ವೇಗದಲ್ಲಿ 15 ಜೂಲ್. ಅದೇ ವೇಗ ಮಾಮೂಲಿ ಸೀಸದ ಛರ್ರೆಯಲ್ಲೂ ಬಂದರೆ 24 ಜೂಲ್, ಲೈನ್ ದಾಟಿದ ಹಾಗೆ. ಅದಕ್ಕೇ ಯಾವ ತೂಕದ ಛರ್ರೆಗೆ ಈ ವೇಗ ಅಂತ ಕೇಳಿ. ಕಂಪನಿಯ ಕಾಗದದಲ್ಲಿ ಜೂಲ್ ಬರೆದಿರಬೇಕು. ಸ್ಪ್ರಿಂಗ್ ಬದಲಾಯಿಸಿದ ಮೇಲೆ ಆ ಕಾಗದಕ್ಕೆ ಅರ್ಥ ಇಲ್ಲ. ಬದಲಾಯಿಸಿದ್ದು ಯಾವುದನ್ನೂ ಮುಟ್ಟಬೇಡಿ.

ರೈಫಲ್ಲಿನ ಒಳಗೆ ಎಣ್ಣೆ ಬಿಡಿ ಅಂತ ಯಾರಾದರೂ ಅಂದರೂ ಕೇಳಬೇಡಿ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ ಥರ. ವೇಗ ಒಮ್ಮೆಲೇ ಏರುತ್ತದೆ, ಸೀಲ್ ಹೋಗುತ್ತದೆ.

ಇನ್ನೊಂದು ಮಾತು, ಏನನ್ನು ಹೊಡೆಯಲು ಹೊರಟಿದ್ದೀರಿ ಅನ್ನೋದು. ಪಕ್ಕದ ಜಮೀನಿನವರು ‘ಇದರಲ್ಲೇ ಹಂದಿ ಹೊಡೀರಿ’ ಅಂದಿದ್ದರು. ಹಾಗೆ ಮಾಡೋದು ಅಪರಾಧ, ಕ್ರೂರ ಕೂಡ. ಏರ್ ರೈಫಲ್ಲಿಗೆ ಹಂದಿ ಸಾಯಲ್ಲ, ಗಾಯ ಮಾಡಿಕೊಂಡು ಎಲ್ಲೋ ಕೊಳೆಯುತ್ತದೆ. ಮೊದಲು ವನ್ಯಜೀವಿ ಕಾಯ್ದೆಯ ಐದನೇ ಶೆಡ್ಯೂಲಿನಲ್ಲಿ (ಪಟ್ಟಿಯಲ್ಲಿ) ಕಾಗೆ, ಇಲಿ, ಬಾವಲಿಗಳನ್ನು ಉಪದ್ರವಿ, ಅಂದರೆ ಹೊಡೆಯಬಹುದಾದವು, ಅಂತ ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಶೆಡ್ಯೂಲನ್ನೇ ತೆಗೆದರು, 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಈಗ ಕೇಂದ್ರ ಸರ್ಕಾರ ಇಂಥ ಪ್ರಾಣಿ, ಇಂಥ ಜಾಗ, ಇಷ್ಟು ದಿನ ಅಂತ ಪ್ರಕಟಿಸಿದರೆ ಮಾತ್ರ ಉಪದ್ರವಿ. ಹಂದಿ ಬೆಳೆ ಹಾಳು ಮಾಡಿದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಮಹಾರಾಷ್ಟ್ರದಲ್ಲಿ ಪರಿಹಾರ ಸಿಗುತ್ತದೆ. ಇಚಾಪುರದ ಸರ್ಕಾರಿ ಬಂದೂಕು ಫ್ಯಾಕ್ಟರಿಯ .315 ರೈಫಲ್ ತರೋಣ ಅನ್ನುವವರೂ ಇದ್ದಾರೆ. ಅದು ಪೂರ್ತಿ ಲೈಸೆನ್ಸಿನ ಬಂದೂಕು, ಗುರಿ ತಪ್ಪಿದ ಗುಂಡು ಊರಿನ ತನಕ ಹೋದೀತು.

ಭಾವನ ಶೆಡ್ಡಿನಲ್ಲಿ ಈಗ ಮೇವು ಮುಚ್ಚಳ ಇರುವ ತಗಡಿನ ಡ್ರಮ್ಮಿನಲ್ಲಿದೆ. ಗೋಡೆಯ ಬುಡದ ತೂತುಗಳಿಗೆ ಸಣ್ಣ ಕಣ್ಣಿನ ಜಾಲರಿ ತುಂಬಿ ಸಿಮೆಂಟ್ ಹಾಕಿಸಿದೆವು. ಹೆಗ್ಗಣ ಮುಕ್ಕಾಲು ಪಾಲು ಕಡಿಮೆಯಾಗಿವೆ. ಇದನ್ನೇ ಮೊದಲು ಮಾಡಬೇಕಿತ್ತು. ಹುಡುಗ ಎರಡು ತಿಂಗಳು ಕುಂಟಿದ, ಈಗ ನೆಟ್ಟಗೆ ನಡೀತಾನೆ. ಅವನ ತಾಯಿಗೆ ಫೋನಿನಲ್ಲಿ ವಿಷಯ ಹೇಳಿದ್ದು ನಾನೇ. ಅವರು ಬೈಯಲಿಲ್ಲ, ‘ಕಣ್ಣು ಉಳದಾವಲ್ರೀ’ ಅಂದರು.

ಹೋದ ಭಾನುವಾರ ಆ ಅಂಗಡಿಯ ಮುಂದೆ ಹಾದುಬಂದೆ. ಗಾಜಿನೊಳಗೆ ಅದೇ ಮಾದರಿ ನಿಲ್ಲಿಸಿದ್ದಾರೆ, ಕೆಳಗೆ ‘ಲೈಸೆನ್ಸ್ ಬೇಡ’ ಅಂತ ಮರಾಠಿ ಚೀಟಿ ಇನ್ನೂ ಇದೆ.